ಕೊಳಚೆಯನ್ನು ತಿಳಿಗೊಳಿಸುವವರು

1914ರ ಏಪ್ರಿಲ್ 3ರಂದು ಮ್ಯಾಂಚೆಸ್ಟರಿನಲ್ಲಿ ನಡೆದ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಒಂದು ಪ್ರಬಂಧ ಮಂಡಿಸಿದರು. ಊರಿನ ಕೊಳಚೆ ನೀರನ್ನು ಬಾಟಲಿಗೆ ತುಂಬಿ ಬಿಡದೆ ಗಾಳಿ ಹಾಯಿಸಿದರೆ, ಅದರ ಅಮೋನಿಯಾ ಪೂರ್ತಿ ನೈಟ್ರೇಟ್ ಆಗಲು ಸುಮಾರು ಐದು ವಾರ ಹಿಡಿಯುತ್ತಿತ್ತು. ಆಗ ತಳದಲ್ಲಿ ಒಂದಿಷ್ಟು ಗಸಿ ಕೂತಿರುತ್ತಿತ್ತು. ಇಬ್ಬರೂ ಮೇಲಿನ ತಿಳಿನೀರನ್ನಷ್ಟೇ ಬಸಿದು, ಉಳಿದ ಗಸಿಯ ಮೇಲೆ ಹೊಸ ಕೊಳಚೆ ಸುರಿದರು. ಮತ್ತೆ ಗಾಳಿ, ಮತ್ತೆ ಬಸಿಯುವುದು. ಹೀಗೆ ಮಾಡುತ್ತ ಹೋದಂತೆ ಗಸಿ ಹೆಚ್ಚಿತು, ಬೇಕಾದ ಹೊತ್ತು ಕುಗ್ಗಿತು. ವಾರಗಳ ಕೆಲಸ ಕಡೆಗೆ ಒಂದು ದಿನದೊಳಗೆ ಮುಗಿಯತೊಡಗಿತು. ನಾಳೆಗೆಂದು ಹೆಪ್ಪು ಎತ್ತಿಡುವ ಮನೆಗಳಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಆಕ್ಟಿವೇಟೆಡ್ ಸ್ಲಡ್ಜ್’ ಎಂದು ಹೆಸರಾದ ಈ ವಿಧಾನ ಇಂದು ಜಗತ್ತಿನ ಮಹಾನಗರಗಳಲ್ಲೂ, ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯ ಕೊಳಚೆ ಶುದ್ಧೀಕರಣ ಘಟಕಗಳಾದ ಎಸ್‌ಟಿಪಿಗಳಲ್ಲೂ ನಡೆಯುತ್ತಿದೆ. ಬೆಂಗಳೂರಿಗೂ ಇದಕ್ಕೂ ಇರುವ ನಂಟು ಮಾತ್ರ ಎಸ್‌ಟಿಪಿಗಳಿಗಿಂತ ಬಹಳ ಹಳೆಯದು. ಆರ್ಡರ್ನ್ ಮತ್ತು ಲಾಕೆಟ್‌ಗೆ ಈ ದಾರಿ ತೋರಿಸಿದವರು ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಫೌಲರ್. 1912ರಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ಮ್ಯಾಸಚೂಸೆಟ್ಸಿನ ಲಾರೆನ್ಸ್ ಪ್ರಯೋಗ ಕೇಂದ್ರದಲ್ಲಿ ಕೊಳಚೆಗೆ ಗಾಳಿ ಊದುವ ಪ್ರಯೋಗಗಳನ್ನು ನೋಡಿ ಬಂದಿದ್ದರು. ಅದೇ ಫೌಲರ್ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅಲ್ಲಿ ಆರಂಭವಾದ ಜೀವರಸಾಯನ ವಿಭಾಗದ ಮೊದಲ ಮುಖ್ಯಸ್ಥರೂ ಅವರೇ.

ಆ ಗಸಿಯಲ್ಲಿ ಇರುವುದಾದರೂ ಏನು? ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ನೂರು ಪಟ್ಟು ಹಿಗ್ಗಿಸಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಕಂದು ಬಣ್ಣದ ಗುಚ್ಛಗಳು. ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಅಂಟಿನಲ್ಲಿ ಒಂದಕ್ಕೊಂದು ಹತ್ತಿಕೊಂಡು ಕಟ್ಟಿದ ವಸತಿಗಳಿವು. ನೀರಿನಲ್ಲಿ ಕರಗಿದ ಕೊಳೆಯನ್ನು ತಿನ್ನುವವರು ಇವರೇ. ಗುಚ್ಛ ಗಟ್ಟಿಯಾಗಿದ್ದರೆ ಸೆಟ್ಲಿಂಗ್ ಟ್ಯಾಂಕಿನಲ್ಲಿ ತಳಕ್ಕಿಳಿಯುತ್ತದೆ, ನೀರು ಬೇರೆಯಾಗುತ್ತದೆ. ಆದರೆ ಗುಚ್ಛ ಸೇರದೆ ಒಂಟಿಯಾಗಿ ತೇಲುವ ಬ್ಯಾಕ್ಟೀರಿಯಾಗಳೂ ಲೆಕ್ಕವಿಲ್ಲದಷ್ಟು. ಸುಮಾರು ಒಂದು ಮೈಕ್ರಾನ್ ಗಾತ್ರದ ಅವು ತಾವಾಗಿ ಕೆಳಗಿಳಿಯುವುದಿಲ್ಲ. ನೀರು ಮಬ್ಬಾಗಿ ಉಳಿಯುವುದು ಅವುಗಳಿಂದ.

ಆ ಮಬ್ಬನ್ನು ಕಳೆಯುವವರನ್ನು ನೋಡುವುದೇ ಒಂದು ಸಂತೋಷ. ವೋರ್ಟಿಸೆಲ್ಲಾ ಎಂಬ ಏಕಕೋಶ ಜೀವಿ ಸಣ್ಣ ಗಂಟೆಯ ಆಕಾರದ್ದು, ತೊಟ್ಟಿನಿಂದ ಗುಚ್ಛಕ್ಕೆ ಅಂಟಿ ನಿಂತಿರುತ್ತದೆ. ಬಾಯಿಯ ಸುತ್ತಲಿನ ಸೂಕ್ಷ್ಮ ರೋಮಗಳು ಬಡಿಯುತ್ತಿದ್ದಂತೆ ನೀರಿನಲ್ಲಿ ಸುಳಿ ಏಳುತ್ತದೆ, ತೇಲುವ ಬ್ಯಾಕ್ಟೀರಿಯಾಗಳು ಸೀದಾ ಒಳಗೆ ಹೋಗುತ್ತವೆ. ತುಸು ಅಲುಗಿದರೂ ತೊಟ್ಟು ಕಣ್ಣೆವೆ ಇಕ್ಕುವಷ್ಟರಲ್ಲಿ ಸುರುಳಿ ಸುತ್ತಿಕೊಂಡು, ಮತ್ತೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಇದರ ಬಳಗದ ಎಪಿಸ್ಟೈಲಿಸ್ ಗುಂಪಾಗಿ ಬಾಳುವಂಥದ್ದು; ಅದರ ತೊಟ್ಟು ಸುರುಳಿಯಾಗದು. ಆಸ್ಪಿಡಿಸ್ಕಾ ಗುಚ್ಛದ ಮೇಲೆ ಹರಿದಾಡುತ್ತ ಮೇಯುತ್ತದೆ. ಇವೆಲ್ಲ ರೋಮವುಳ್ಳ ಪ್ರೊಟೊಜೋವಗಳು, ಸೀಲಿಯೇಟುಗಳು.

ಇವು ಬರಿಯ ಅತಿಥಿಗಳಲ್ಲ, ನೀರನ್ನು ಶುದ್ಧಗೊಳಿಸುವುದರಲ್ಲಿ ಇವುಗಳದೇ ದೊಡ್ಡ ಪಾಲು ಎಂದು ಬೆಂಗಳೂರಿನಿಂದ ಗಟ್ಟಿ ದನಿಯಲ್ಲಿ ಹೇಳಿದವರು ಅದೇ ವಿಜ್ಞಾನ ಸಂಸ್ಥೆಯ ಎಸ್. ಸಿ. ಪಿಳ್ಳೈ ಮತ್ತು ವಿ. ಸುಬ್ರಹ್ಮಣ್ಯನ್. 1942ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರ ಬರಹ ಬಂತು. ಈ ಸುಬ್ರಹ್ಮಣ್ಯನ್ ಅವರೇ ಮುಂದೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಮೊದಲ ನಿರ್ದೇಶಕರಾದರು. ನಾಡಿನಲ್ಲಿ ಆ ಕೆಲಸಕ್ಕಾಗಿ ಅವರ ಹೆಸರು ಉಳಿದಿದೆ, ಕೊಳಚೆಯ ಸಂಶೋಧನೆ ಮರೆವಿಗೆ ಸರಿದಿದೆ. 1968ರಲ್ಲಿ ಇಂಗ್ಲೆಂಡಿನ ಕರ್ಡ್ಸ್ ಮತ್ತು ಸಂಗಡಿಗರು ಸೀಲಿಯೇಟುಗಳೇ ಇಲ್ಲದ ಪುಟ್ಟ ಸ್ಥಾವರಗಳನ್ನು ನಡೆಸಿ ನೋಡಿದರು. ಹೊರಬಂದ ನೀರು ಮಬ್ಬಾಗಿತ್ತು, ಬ್ಯಾಕ್ಟೀರಿಯಾಗಳಿಂದ ತುಂಬಿತ್ತು. ಸೀಲಿಯೇಟುಗಳನ್ನು ಬಿಟ್ಟ ಮೇಲೆ ತಿಳಿಯಾಯಿತು. ಕರಗಿದ ಕೊಳೆಯನ್ನು ತಿನ್ನುವ ಮುಖ್ಯ ಹೊಣೆ ಬ್ಯಾಕ್ಟೀರಿಯಾಗಳದೇ ಎಂಬುದು ಇಂದಿನ ತಿಳಿವಳಿಕೆ. ಅಷ್ಟರಮಟ್ಟಿಗೆ ಬೆಂಗಳೂರಿನ ವಾದಕ್ಕೆ ತಿದ್ದುಪಡಿ ಬೇಕು. ಆದರೂ ಮೇಯುವ ಜೀವಿಗಳ ಮಹತ್ವವನ್ನು ಕಂಡ ಅವರ ಕಣ್ಣು ಸರಿಯಾಗಿಯೇ ಇತ್ತು.

ಈ ತಿಳಿವಳಿಕೆ ಪುಸ್ತಕದಲ್ಲೇ ಉಳಿಯಬಾರದು. ನೀರಿನಲ್ಲಿ ಉಳಿದ ಕೊಳೆಯನ್ನು ಅಳೆಯುವ ಬಿಒಡಿ ಪರೀಕ್ಷೆಗೆ ನಮ್ಮಲ್ಲಿ 27 ಡಿಗ್ರಿಯಲ್ಲಿ ಮೂರು ದಿನ ಕಾಯಬೇಕು. ಸೂಕ್ಷ್ಮದರ್ಶಕ ಕೆಲವೇ ನಿಮಿಷಗಳಲ್ಲಿ ಮಾತಾಡುತ್ತದೆ. ಗಾಳಿ ಹಾಯಿಸುವ ಹೊಸ ತೊಟ್ಟಿಯಲ್ಲಿ ಮೊದಲು ಬಾಲವುಳ್ಳ ಪುಟಾಣಿ ಜೀವಿಗಳೂ ಅಮೀಬಾಗಳೂ ಹೆಚ್ಚು. ಬಳಿಕ ಈಜುವ ಸೀಲಿಯೇಟುಗಳು. ಗಸಿ ಪಳಗಿದ ಮೇಲೆ ತೊಟ್ಟಿನವು, ಹರಿದಾಡುವವು. ಇನ್ನೂ ಹಳತಾದರೆ ಬಹುಕೋಶ ಜೀವಿಗಳಾದ ರೋಟಿಫರ್‌ಗಳು. ಗಾಳಿ ಊದುವ ಬ್ಲೋವರ್ ನಿಂತು ಆಮ್ಲಜನಕ ಇಳಿದರೆ ವೋರ್ಟಿಸೆಲ್ಲಾ ತೊಟ್ಟು ಕಳಚಿಕೊಂಡು ಈಜಿ ಹೋಗುತ್ತದೆ. ಪಳಗಿದ್ದ ತೊಟ್ಟಿಯಲ್ಲಿ ಇದ್ದಕ್ಕಿದ್ದಂತೆ ಸೀಲಿಯೇಟುಗಳೇ ಕಾಣದಿದ್ದರೆ ವಿಷವೇನಾದರೂ ಸೇರಿತೇ ಎಂದು ಹುಡುಕಬೇಕು. ದಾರದಂಥ ಬ್ಯಾಕ್ಟೀರಿಯಾಗಳು ಮಿತಿಯಲ್ಲಿದ್ದರೆ ಗುಚ್ಛಕ್ಕೆ ಬೆನ್ನೆಲುಬು. ಮಿತಿಮೀರಿದರೆ ಗಸಿ ಉಬ್ಬಿ, ಒಂದು ಲೀಟರಿನ ಜಾಡಿಯಲ್ಲಿ ಅರ್ಧ ಗಂಟೆ ಬಿಟ್ಟರೂ ಸರಿಯಾಗಿ ಕೂರುವುದಿಲ್ಲ. ನೆದರ್ಲೆಂಡಿನ ಐಕಲ್‌ಬೂಮ್ 1975ರಲ್ಲಿ ಈ ದಾರಗಳನ್ನು ಬಗೆಬಗೆಯಾಗಿ ವಿಂಗಡಿಸಿ ಗುರುತಿಸುವ ಕ್ರಮ ಕೊಟ್ಟರು.

ಅಮೋನಿಯಾವನ್ನು ನೈಟ್ರೈಟ್ ಮಾಡುವ ನೈಟ್ರೊಸೊಮೊನಾಸ್, ಅದನ್ನು ನೈಟ್ರೇಟಿಗೆ ಒಯ್ಯುವ ನೈಟ್ರೋಸ್ಪೈರಾ ಎಂಬ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಇನ್ನಷ್ಟು ಜೋಪಾನ ಬೇಕು. ಇವು ಬಹಳ ನಿಧಾನ ಬೆಳೆಯುವವು. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 4.6 ಗ್ರಾಂ ಆಮ್ಲಜನಕ ಬೇಡುತ್ತವೆ. ಕರೆಂಟ್ ಬಿಲ್ ಉಳಿಸಲು ಬ್ಲೋವರ್ ಆರಿಸಿದಾಗ, ಅವಸರದಲ್ಲಿ ಗಸಿಯನ್ನೆಲ್ಲ ಹೊರಹಾಕಿದಾಗ ಮೊದಲು ಕೈಬಿಟ್ಟುಹೋಗುವುದು ಇವೇ. 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಆ ನೀರಿನ ಗುಣದ ಬಗ್ಗೆ ಅಲ್ಲಿನ ರೈತರು ಎತ್ತುವ ಪ್ರಶ್ನೆಗಳಿಗೆ ಉತ್ತರ ಇರುವುದು ಬಹುಮಟ್ಟಿಗೆ ಈ ತೊಟ್ಟಿಗಳೊಳಗೆ. ಹೀಗಿರುವಾಗ ಪ್ರತಿ ಸ್ಥಾವರದಲ್ಲಿ ಒಂದು ಸಾಧಾರಣ ಸೂಕ್ಷ್ಮದರ್ಶಕ ಇರಬೇಕು. ಅದರಲ್ಲಿ ಕಂಡದ್ದನ್ನು ದಿನವೂ ಬರೆದಿಡಬಲ್ಲ ಆಪರೇಟರಿಗೆ ಕನ್ನಡದಲ್ಲಿ ತರಬೇತಿ, ಚಿತ್ರಗಳುಳ್ಳ ಒಂದು ಕೈಪಿಡಿ, ಕೆಲಸಕ್ಕೆ ತಕ್ಕ ಸಂಬಳ ಸಿಗಬೇಕು.