ಕೊಳೆರೋಗದ ದಾಯಾದಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ಕೊಳೆರೋಗದ ಪರಿಚಯ ಮಾಡಿಕೊಡಬೇಕಾಗಿಲ್ಲ. ಆಷಾಢದ ಮಳೆ ನಾಲ್ಕು ದಿನ ಬಿಡದೆ ಹೊಯ್ದು, ನಡುವೆ ಚೂರು ಬಿಸಿಲು ಬಿದ್ದರೆ ಸಾಕು, ಎಳೆ ಅಡಿಕೆ ಬುಡದಲ್ಲಿ ಉದುರಿರುತ್ತದೆ, ಮೈಮೇಲೆ ಬಿಳಿ ಬೂಸಲು. ಬೂಸಲು ಕಂಡವರು ಅದನ್ನು ಶಿಲೀಂಧ್ರವೆಂದೇ ಎಣಿಸಿದರು. 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಕೊಳೆರೋಗದ ವರದಿ ಬರೆದ ಲೆಸ್ಲಿ ಕೋಲ್ಮನ್ ಕೂಡ ಹಾಗೆಯೇ ತಿಳಿದಿದ್ದರು. ಕೊಳೆಯ ಜೀವಿಗೂ ಅಣಬೆಗೂ ಸಂಬಂಧವಿಲ್ಲವೆಂದು ಈಗ ಗೊತ್ತಾಗಿದೆ. ಅದರ ನೆಂಟಸ್ತಿಕೆ ಏನಿದ್ದರೂ ಕಾರವಾರದ ಕಡಲಬಂಡೆಗೆ ಅಂಟಿ ಬೆಳೆಯುವ ಕಂದು ಪಾಚಿಯ ಜೊತೆ.

ಕೊಳೆಯ ಕುಲದ್ದೇ ಒಂದು ಜೀವಿ ನಾಯಿಯ ಚರ್ಮವನ್ನೂ ತಿನ್ನುತ್ತದೆ. ಹೆಸರು ಪಿಥಿಯಮ್ ಇನ್ಸಿಡಿಯೋಸಮ್, ಕಾಯಿಲೆ ಪಿಥಿಯೋಸಿಸ್. ಬಲು ಅಪರೂಪದ್ದು. ನಿಮ್ಮ ನಾಯಿ ಮೈ ಕೆರೆದುಕೊಳ್ಳುತ್ತಿದ್ದರೆ ಕಾರಣ ಉಣುಗೋ, ಕಜ್ಜಿಯೋ, ಹುಳುಕಡ್ಡಿಯೋ ಇದ್ದೀತು, ಮೊದಲು ಅದನ್ನೇ ನೋಡಿ. ಆದರೂ ಈ ರೋಗದ ಹಳೆಯ ದಾಖಲೆಗಳಲ್ಲಿ ನಮ್ಮ ದೇಶದ್ದೂ ಇದೆ. 19ನೇ ಶತಮಾನದ ಬ್ರಿಟಿಷ್ ಪಶುವೈದ್ಯರು ಕುದುರೆಗಳಿಗೆ ಮಳೆಗಾಲದಲ್ಲಿ ಏಳುವ, ಮಾಯದ ಹುಣ್ಣನ್ನು ‘ಬರ್ಸಾತಿ’ ಎಂದು ಬರೆದಿಟ್ಟರು. ಆ ಒಂದೇ ಹೆಸರಿನಡಿ ಹುಳುವಿನಿಂದಾದ ಹುಣ್ಣೂ ಸೇರಿತ್ತು, ಇದೂ ಸೇರಿತ್ತು.

ಕೊಳೆಯ ಹಾಗೆ ಇದಕ್ಕೂ ನೀರೇ ದಾರಿ. ಬೆಚ್ಚಗೆ ನಿಂತ ನೀರಿನಲ್ಲಿ, ಕೊಳೆತ ಎಲೆಗಳ ನಡುವೆ, ಇದರ ಬೀಜಕಣಗಳು ಎರಡೆರಡು ಎಳೆಬಾಲ ಬಡಿಯುತ್ತ ಈಜುತ್ತವೆ. ಕೂದಲು, ಗಾಯಗೊಂಡ ಚರ್ಮ ಸಿಕ್ಕಿದರೆ ಅಂಟಿಕೊಂಡು ಒಳಗೆ ಎಳೆ ಬಿಡುತ್ತವೆ. ಕಾದಿಗೆಯಲ್ಲಿ ಹೊರಳಾಡುವ, ಕೆರೆಗೆ ಹಾರುವ ನಾಯಿಯ ಕಾಲಿನಲ್ಲೋ ಬಾಲದ ಬುಡದಲ್ಲೋ ಮೊದಲು ಗಂಟು ಏಳುತ್ತದೆ. ಆಮೇಲೆ ಅದೇ ಗಂಟು ಹಲವು ಕಡೆ ಬಾಯಿಬಿಟ್ಟು ರಸಿಕೆ ಸೋರುತ್ತದೆ. ಕೆಲವು ನಾಯಿಗಳಿಗೆ ಕರುಳಿಗೇ ಹತ್ತುತ್ತದೆ. ಆಗ ವಾಂತಿ, ದಿನೇ ದಿನೇ ಸೊರಗುವುದು. ಒಂದು ನಾಯಿಯಿಂದ ಇನ್ನೊಂದಕ್ಕೆ ಮಾತ್ರ ಇದು ಅಂಟುವುದಿಲ್ಲ. ಇದರ ಇನ್ನೊಬ್ಬ ದಾಯಾದಿ ಲಜೆನಿಡಿಯಮ್. ಅದರಲ್ಲಿ ಒಂದು ಬಗೆ ಸೊಳ್ಳೆಮರಿಗಳನ್ನು ಕೊಂದು ನಮಗೆ ಉಪಕಾರ ಮಾಡುತ್ತದೆ, ಇನ್ನೊಂದು ಬಗೆ ನಾಯಿಯ ರಕ್ತನಾಳಕ್ಕೇ ಬಾಯಿ ಹಾಕುತ್ತದೆ!

ಹುಳುಕಡ್ಡಿ ನಿಜವಾದ ಶಿಲೀಂಧ್ರ, ಮುಲಾಮಿಗೆ ಬಗ್ಗುತ್ತದೆ. ಪಿಥಿಯಮ್ ಬಗ್ಗದು. ಶಿಲೀಂಧ್ರನಾಶಕಗಳಲ್ಲಿ ಹೆಚ್ಚಿನವು ಗುರಿಯಿಡುವುದು ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನ ಮೇಲೆ. ಪಿಥಿಯಮ್ಮಿನ ಪೊರೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಗುರಿಯೇ ಇಲ್ಲದ ಕಡೆ ಬಾಣ ಬಿಟ್ಟ ಹಾಗೆ. ಇದೇ ಜೀವಿ ಮನುಷ್ಯರ ಕಣ್ಣಿಗೆ ಹೊಕ್ಕಾಗ ದಕ್ಷಿಣ ಭಾರತದ ನೇತ್ರವೈದ್ಯರು ಲಿನೆಜೋಲಿಡ್, ಅಜಿತ್ರೋಮೈಸಿನ್‌ನಂಥ ಬ್ಯಾಕ್ಟೀರಿಯಾದ ಔಷಧಿಗಳನ್ನು ಕೊಟ್ಟು ಗುಣ ಕಂಡಿದ್ದಾರೆ. ನಾಯಿಯ ಚರ್ಮಕ್ಕಾದರೆ ಗಂಟು ಸಣ್ಣದಿರುವಾಗಲೇ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸೇರಿಸಿ ಕತ್ತರಿಸಿ ತೆಗೆಯುವುದೇ ಹೆಚ್ಚು ಭರವಸೆಯ ದಾರಿ. ಕೆಲವೊಮ್ಮೆ ಕಾಲನ್ನೇ ತೆಗೆಯಬೇಕಾಗುತ್ತದೆ.

ಹಾಗಾಗಿ ಮುಲಾಮು ಹಚ್ಚಿ ಹಚ್ಚಿ ತಿಂಗಳು ಕಳೆಯಬೇಡಿ. ಹುಣ್ಣು ಎರಡು ವಾರದಲ್ಲಿ ಮಾಯದೆ ಹಿಗ್ಗುತ್ತಿದ್ದರೆ ಪಶುವೈದ್ಯರಿಗೆ ತೋರಿಸಿ, ನಾಯಿ ಯಾವ ನೀರಿಗೆ ಇಳಿಯುತ್ತದೆ ಎಂಬುದನ್ನೂ ಹೇಳಿ. ಅವರು ಹುಣ್ಣಿನ ತುಣುಕು ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕಾದೀತು. ಮಾಮೂಲಿ ಬಣ್ಣದಲ್ಲಿ ಈ ಎಳೆಗಳು ಸರಿಯಾಗಿ ಕಾಣುವುದಿಲ್ಲ, ಬೆಳ್ಳಿಯ ಬಣ್ಣ ಹಾಕಿದರೆ ಕಪ್ಪಗೆ ಎದ್ದು ಕಾಣುತ್ತವೆ.

ಕೊನೆಯದಾಗಿ, ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಯಾರಿಗಾದರೂ ಒಂದು ಯೋಚನೆ ಬಂದೇ ಬರುತ್ತದೆ: ಕೊಳೆಯ ದಾಯಾದಿ ತಾನೆ, ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಸಾಯದೇ? 1885ರ ಹೊತ್ತಿಗೆ ಫ್ರಾನ್ಸಿನಲ್ಲಿ ಆ ದ್ರಾವಣ ಹುಟ್ಟಿದ್ದೂ ದ್ರಾಕ್ಷಿಗೆ ತಗಲಿದ್ದ ಇದೇ ಕುಲದ ರೋಗಕ್ಕಾಗಿ. ಆದರೆ ಅಡಿಕೆ ಕೊನೆ ತನ್ನ ಮೈ ನೆಕ್ಕಿಕೊಳ್ಳುವುದಿಲ್ಲ, ನಾಯಿ ನೆಕ್ಕಿಕೊಳ್ಳುತ್ತದೆ. ಹುಣ್ಣಿಗೆ ಹಚ್ಚಿದ ದ್ರಾವಣದಲ್ಲಿರುವ ಮೈಲುತುತ್ತ ಹೊಟ್ಟೆಗೆ ಹೋದರೆ ವಿಷ. ಅದು ಮರದ ಮೇಲೆಯೇ ಇರಲಿ.