‘ಫೆನ್ಸ್’ ಪದವನ್ನು ಕಲಿಸುವ ಬಗೆ



ಜತ್ತ ತಾಲೂಕಿನ ಕನ್ನಡ ಶಾಲೆಯ ಮಗು ಮನೆಯಲ್ಲಿ ಕನ್ನಡವನ್ನೂ ಕಚೇರಿ, ಬಸ್ಸುಗಳಲ್ಲಿ ಮರಾಠಿಯನ್ನೂ ಕೇಳುತ್ತ ಬೆಳೆಯುತ್ತದೆ. ಮಹಾರಾಷ್ಟ್ರದಲ್ಲಿ 2000ನೆಯ ಇಸವಿಯಿಂದ ಒಂದನೆಯ ಇಯತ್ತೆಗೇ ಇಂಗ್ಲಿಷ್ ಬಂದುದರಿಂದ ಮೂರನೆಯ ಭಾಷೆಯೂ ಎಳವೆಯಲ್ಲಿಯೇ ಅದರ ಪಾಲಿಗೆ ಬಂದಿದೆ. ಇಂಥ ಮಗುವಿಗೆ ಇಂಗ್ಲಿಷ್ ಪದದ ಅರ್ಥವನ್ನು ಹೇಗೆ ತಿಳಿಸಬೇಕೆಂಬುದನ್ನು ‘ಫೆನ್ಸ್’ ಎಂಬ ಒಂದು ಪದದ ಮೂಲಕ ವಿಚಾರಿಸೋಣ.

‘ಫೆನ್ಸ್ ಎಂದರೆ ಬೇಲಿ’ ಎಂದು ಹಲಗೆಯ ಮೇಲೆ ಬರೆದು ಮುಂದೆ ಸಾಗುವುದು ಸುಲಭ. ‘ದ ಗೋಟ್ ಜಂಪ್ಡ್ ಓವರ್ ದ ಫೆನ್ಸ್’ ಎಂಬ ವಾಕ್ಯಕ್ಕೆ ಅಷ್ಟು ಸಾಕು. ಆದರೆ ‘ಹಿ ಈಸ್ ಸಿಟಿಂಗ್ ಆನ್ ದ ಫೆನ್ಸ್’ ಎಂದು ಓದಿದಾಗ, ಜಾಲಿಮುಳ್ಳಿನ ಬೇಲಿಯನ್ನು ಕಂಡ ಮಗು, ಅದರ ಮೇಲೆ ಕೂಡ್ರುವುದು ಹೇಗೆಂದು ಬೆರಗಾಗುತ್ತದೆ. ಆ ಬೆರಗು ದಡ್ಡತನವಲ್ಲ. ತಾನು ಕಂಡುದನ್ನು ನೆನೆದು ಓದುತ್ತಿರುವುದರ ಗುರುತು. ಆಂಗ್ಲರ ನಾಡಿನ ಬೇಲಿ ಅನೇಕ ಕಡೆ ಮರದ ಅಡ್ಡಪಟ್ಟಿಗಳದು. ಅದರ ಮೇಲೆ ಕುಳಿತವನು ಈಚೆಗೂ ಇಳಿಯಬಲ್ಲ, ಆಚೆಗೂ ಇಳಿಯಬಲ್ಲ. ಆದುದರಿಂದ ಯಾವ ಪಕ್ಷವನ್ನೂ ಸೇರದೆ ತಟಸ್ಥನಾಗಿ ಉಳಿಯುವವನಿಗೆ ಆ ಮಾತು ಸಂದಿತು.

ಈ ಪದವು ‘ಡಿಫೆನ್ಸ್’ ಎಂಬುದರ ಮೊಟಕು ರೂಪ, ಮೂಲಾರ್ಥ ರಕ್ಷಣೆ. ಹೊಲವನ್ನು ಕಾಯುವುದು ಫೆನ್ಸ್. ಕತ್ತಿಯಿಂದ ತನ್ನನ್ನು ಕಾಯ್ದುಕೊಳ್ಳುತ್ತ ಎದುರಾಳಿಯನ್ನು ಮುಟ್ಟುವ ಕ್ರೀಡೆ ಫೆನ್ಸಿಂಗ್. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಯಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯರು ತಮಿಳುನಾಡಿನ ಭವಾನಿ ದೇವಿ. ಕದ್ದ ಮಾಲನ್ನು ಕೊಂಡು ಮಾರುವವನಿಗೂ ಆಡುಮಾತಿನಲ್ಲಿ ಇದೇ ಹೆಸರು. ಮೂಲವನ್ನು ತಿಳಿಸಿದರೆ ಚದರಿದಂತೆ ತೋರುವ ಅರ್ಥಗಳು ನೆನಪಿನಲ್ಲಿ ನಿಲ್ಲುತ್ತವೆ.

ಪದವೊಂದು ತನ್ನ ವಸ್ತುವನ್ನು ಮೀರಿ ಬೇರೆ ಅರ್ಥ ಕೊಡುವುದು ನಮ್ಮ ಮಕ್ಕಳಿಗೆ ಹೊಸದಲ್ಲ. ಕಾಯಬೇಕಾದವನೇ ಕೆಡಿಸಿದಾಗ ಮನೆಯ ಹಿರಿಯರು ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎನ್ನುತ್ತಾರೆ. ಮರಾಠಿಯ ನೆರೆಯವರು ಅದನ್ನೇ ‘ಕುಂಪಣಾನೇಚ ಶೇತ ಖಾಲ್ಲೇ’ ಎನ್ನುತ್ತಾರೆ. ‘ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ’ ಎಂಬುದು ನಮ್ಮ ಗಾದೆ. ‘ಸರಡ್ಯಾಚೀ ಧಾವ ಕುಂಪಣಾಪರ್ಯಂತ’ ಎಂಬುದು ಅವರದು. ಓತಿಯೂ ಬೇಲಿಯೂ ಎರಡರಲ್ಲಿಯೂ ಇವೆ. ಅರ್ಥ ಮಾತ್ರ ಬೇರೆ. ನಮ್ಮದು ನಂಬಲಾಗದ ಸಾಕ್ಷಿಯನ್ನು ಹಳಿಯುತ್ತದೆ, ಅವರದು ಶಕ್ತಿಯ ಮಿತಿಯನ್ನು ತೋರಿಸುತ್ತದೆ.

ಆದುದರಿಂದ ಪಾಠವನ್ನು ಗಾದೆಯಿಂದ ಆರಂಭಿಸಿರಿ. ಬೇಲಿಯ ಕೆಲಸವೇನೆಂದು ಮಕ್ಕಳಿಂದಲೇ ಹೇಳಿಸಿರಿ. ಬಳಿಕ ಇಂಗ್ಲಿಷ್ ವಾಕ್ಯಗಳನ್ನು ಕೊಟ್ಟು, ಯಾವುದರಲ್ಲಿ ನಿಜವಾದ ಬೇಲಿ ಇದೆ, ಯಾವುದರಲ್ಲಿ ಇಲ್ಲ ಎಂದು ವಿಂಗಡಿಸಲು ಹೇಳಿರಿ.

ಸಂವಿಧಾನದ 350ಎ ವಿಧಿಯು ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುತ್ತದೆ. ಕನ್ನಡ ಶಾಲೆಗೆ ಹಾಕಿದರೆ ಇಂಗ್ಲಿಷ್ ಬಾರದೆಂದು ಅಂಜುವ ಪಾಲಕರಿಗೆ ಆ ವಿಧಿಯನ್ನು ಓದಿ ಹೇಳಿದರೆ ಸಾಲದು. ಮನೆಮಾತಿನ ಬಲದಿಂದಲೇ ಮಗು ಇಂಗ್ಲಿಷ್ ವಾಕ್ಯದ ಮರ್ಮವನ್ನು ಬಿಡಿಸಿ ಹೇಳುವುದನ್ನು ಅವರು ಕಿವಿಯಾರೆ ಕೇಳಬೇಕು. ಅದನ್ನು ಆಗಮಾಡುವ ಹೊಣೆ ನಮ್ಮದು.