ಯಂತ್ರಕ್ಕಿಂತ ಮೊದಲು ಚಾಕು

ಆಹಾರದಲ್ಲಿ ಉಳಿದ ಪೀಡೆನಾಶಕವನ್ನು ಪತ್ತೆಹಚ್ಚುವ ಪ್ರಯೋಗಶಾಲೆ ಎಂದೊಡನೆ ಶ್ರೋತೃಗಳ ಮನಸ್ಸಿಗೆ ಬರುವುದು ಬೆಲೆಬಾಳುವ ಯಂತ್ರಗಳು. ಆದರೆ ಫಲಿತಾಂಶದ ಸತ್ಯಾಸತ್ಯವು ಬಹುಮಟ್ಟಿಗೆ ನಿರ್ಧಾರವಾಗುವುದು ಅದಕ್ಕೂ ಮೊದಲು, ಹೆಚ್ಚುವ ಹಲಗೆಯ ಮೇಲೆ. ನಮ್ಮ ರೈತರು ‘ಔಷಧಿ’ ಎಂದೇ ಕರೆಯುವ ಈ ವಿಷವನ್ನು ಅನೇಕ ಸಂದರ್ಭಗಳಲ್ಲಿ ಕಿಲೋಗ್ರಾಮಿಗೆ 0.01 ಮಿಲಿಗ್ರಾಮಿನ ಮಟ್ಟದಲ್ಲಿ ಹುಡುಕಬೇಕಾಗುತ್ತದೆ. ಎಂದರೆ ನೂರು ಕಿಲೋ ತರಕಾರಿಯಲ್ಲಿ ಸಾಸಿವೆ ಕಾಳಿಗಿಂತಲೂ ಹಗುರವಾದಷ್ಟು.

ಗೃಹಿಣಿಯರು ನಂಬಲಾರರು, ಆದರೆ ನಾವು ತರಕಾರಿಯನ್ನು ತೊಳೆಯುವುದಿಲ್ಲ. ಗೆಡ್ಡೆಗಳಿಗೆ ಅಂಟಿದ ಮಣ್ಣನ್ನು ಮಾತ್ರ ನವಿರಾಗಿ ತೆಗೆಯುತ್ತೇವೆ. ಬಾಳೆಹಣ್ಣನ್ನು ಸಿಪ್ಪೆಸಹಿತ ಅರೆಯುತ್ತೇವೆ. ಮಾವಿನ ಓಟೆಯನ್ನು ತೆಗೆದರೂ ಲೆಕ್ಕದಲ್ಲಿ ಅದರ ತೂಕವನ್ನು ಸೇರಿಸುತ್ತೇವೆ. ಕಾನೂನಿನ ಮಿತಿ ಇರುವುದು ಮಾರಾಟಕ್ಕೆ ಬಂದ ಪದಾರ್ಥಕ್ಕೆ, ನಮ್ಮ ತಟ್ಟೆಯ ತುತ್ತಿಗಲ್ಲ. ವರದಿಯ ಅಂಕಿಯನ್ನು ಓದಿ ಗಾಬರಿಯಾಗುವವರು ಇದನ್ನು ನೆನಪಿನಲ್ಲಿಡಬೇಕು.

ಕೋಸಿನಲ್ಲಿ ಹೊರಗಿನ ಎಲೆಗೂ ಒಳಗಿನ ತಿರುಳಿಗೂ ಅಜಗಜಾಂತರ. ಆದ್ದರಿಂದ ಕನಿಷ್ಠ ಐದು ಗಡ್ಡೆ, ಎರಡು ಕಿಲೋಗೆ ಕಡಮೆಯಿಲ್ಲದಂತೆ ತರಿಸಿ, ಪ್ರತಿಯೊಂದನ್ನೂ ನೆತ್ತಿಯಿಂದ ಬುಡದವರೆಗೆ ಸೀಳಿ, ಎದುರುಬದುರಿನ ಹೋಳುಗಳನ್ನು ಆರಿಸುತ್ತೇವೆ. ಕೊನೆಗೆ ಪರೀಕ್ಷೆಗೆ ಹೋಗುವುದು ಹತ್ತೇ ಗ್ರಾಂ! ಇಡೀ ರಾಶಿಯ ಸಾಕ್ಷ್ಯವನ್ನು ಆ ಹತ್ತು ಗ್ರಾಂ ನುಡಿಯಬೇಕಾದರೆ ಅರೆತ ನುಣ್ಣಗಿರಬೇಕು.

ಅಪಾಯವಿರುವುದು ಇಲ್ಲಿಯೇ. ಅರೆಯುವಾಗ ಹೊರಬರುವ ರಸವು ಕ್ಯಾಪ್ಟಾನ್, ಕ್ಲೋರೋಥಲೋನಿಲ್‌ಗಳಂಥ ಶಿಲೀಂಧ್ರನಾಶಕಗಳನ್ನು ಒಡೆದುಹಾಕುತ್ತದೆ. ಅದಕ್ಕಾಗಿ ಹೋಳುಗಳನ್ನು ಮೊದಲೇ ಹೆಪ್ಪುಗಟ್ಟಿಸಿ, ಶೂನ್ಯಕ್ಕಿಂತ 78 ಡಿಗ್ರಿ ಕೆಳಗಿನ ಒಣಮಂಜಿನೊಡನೆ ಪುಡಿಮಾಡುತ್ತೇವೆ. ದ್ರಾಕ್ಷಿಗೆ ಸಿಂಪಡಿಸುವ ಮ್ಯಾಂಕೋಜೆಬ್ ಇನ್ನೂ ಸೂಕ್ಷ್ಮ. ಅದನ್ನು ಹುಡುಕುವಾಗ ಹಣ್ಣನ್ನು ಅರೆಯುವಂತೆಯೇ ಇಲ್ಲ. ಹೋಳುಗಳನ್ನೇ ಆಮ್ಲದಲ್ಲಿ ಕಾಯಿಸಿ, ಹೊರಡುವ ಕಾರ್ಬನ್ ಡೈಸಲ್ಫೈಡನ್ನು ಅಳೆಯಬೇಕು.

ಮುಂದಿನದು 2003ರಲ್ಲಿ ಪ್ರಕಟವಾದ ವಿಧಾನದಿಂದ ಸುಲಭವಾಗಿದೆ: ಅಸಿಟೋನೈಟ್ರೈಲ್ ಹಾಕಿ ಕುಲುಕುವುದು, ಲವಣಗಳನ್ನು ಬೆರೆಸಿ ನೀರನ್ನು ಬೇರ್ಪಡಿಸುವುದು, ಮೇಲಿನ ತಿಳಿಯನ್ನು ಶುದ್ಧಮಾಡುವುದು. ಕರಿಬೇವಿನ ಹಸುರು ಮಾತ್ರ ಬಲು ಮೊಂಡು. ಇಂಗಾಲದ ಪುಡಿ ಅದನ್ನು ಹೀರುತ್ತದೆ, ನಿಜ; ಹೆಚ್ಚು ಹಾಕಿದರೆ ಚಪ್ಪಟೆ ಅಣುಗಳ ಕೆಲವು ಪೀಡೆನಾಶಕಗಳನ್ನೂ ನುಂಗಿಬಿಡುತ್ತದೆ.

ಇದನ್ನೆಲ್ಲ ಪರೀಕ್ಷಿಸಲು ನಾವು ಶುದ್ಧ ಮಾದರಿಗೆ ಗೊತ್ತಾದಷ್ಟು ಪೀಡೆನಾಶಕವನ್ನು ಬೆರೆಸಿ, ಎಷ್ಟು ಮರಳಿ ಬಂದಿತೆಂದು ನೋಡುತ್ತೇವೆ. ಸರಾಸರಿ ನೂರಕ್ಕೆ 70ರಿಂದ 120 ಬಂದರೆ ವಿಧಾನ ಸರಿ ಎಂದು ಒಪ್ಪುತ್ತಾರೆ. ಆದರೆ ಸಾಮಾನ್ಯವಾಗಿ ಹೀಗೆ ಬೆರೆಸುವುದು ಅರೆದಾದ ಮೇಲೆ. ಅರೆಯುವಾಗ ನಾಶವಾದದ್ದು ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಆದಕಾರಣ ‘ಕಂಡುಬಂದಿಲ್ಲ’ ಎಂಬ ವರದಿ ಕೈಗೆ ಬಂದಾಗ, ಯಂತ್ರ ಯಾವುದೆಂದು ವಿಚಾರಿಸುವ ಮುನ್ನ, ಮಾದರಿಯನ್ನು ಹೇಗೆ ಅರೆದಿರೆಂದು ನಾನು ಕೇಳುತ್ತೇನೆ.